ಕರೆಂಟ್ ರವಿಕೆ

ಕಾಫಿ ಕುಯ್ಲು ಶುರುವಾಗುವುದರೊಳಗೆ ಗಂಗಾಮಣಿ ಮತ್ತೆ ಜೀಪು ಓಡಿಸಬೇಕಿತ್ತು. ಇಲ್ಲದಿದ್ದರೆ ಬಿಳಿಮತ್ತಿ ಎಸ್ಟೇಟಿಗೆ ಆಳುಗಳನ್ನು ಕರೆದೊಯ್ಯುವ ಟ್ರಿಪ್ಪು ಇನ್ನೊಬ್ಬ ಜೀಪಿನವ ಧರ್ಮನಿಗೆ ಹೋಗುತ್ತದೆ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಚಂದ್ರಯ್ಯ ಹೇಳಿಯಾಗಿತ್ತು. ಗದರಿ ಹೇಳಿದ್ದಲ್ಲ. ಎಲೆಗೆ ಸುಣ್ಣ ಸವರುತ್ತಾ, ನಾಳೆ ಮಂಜು ಬೀಳಬಹುದು ಎನ್ನುವಷ್ಟು ಸಾವಧಾನವಾಗಿ ಹೇಳಿದ್ದ. ಗದರಿದ್ದರೆ ಅವಳು ತಿರುಗಿ ಗದರಬಹುದಿತ್ತು.

ಯಸಳೂರಿನಿಂದ ಹೆತ್ತೂರಿನ ಕಡೆಗೆ ಪಿಕಪ್ ಜೀಪು ಓಡಿಸುವ ಹೆಂಗಸು ಅವಳೊಬ್ಬಳೇ. ಗಂಡನಿಗೆ ಸೊಂಟ ಹಿಡಿದಾಗ ನಾಲ್ಕು ದಿನದ ಮಟ್ಟಿಗೆಂದು ಸ್ಟಿಯರಿಂಗ್ ಹಿಡಿದವಳು ಆಮೇಲೆ ಅದನ್ನು ಅವನಿಗೆ ವಾಪಸು ಕೊಟ್ಟಿರಲಿಲ್ಲ. ಕಳೆದ ಕುಯ್ಲಿನ ಕೊನೆಯಲ್ಲಿ, ಹಲಸಿನ ಮರದ ತಿರುವಿನಲ್ಲಿ, ಒಂಟಿ ಸಲಗವೊಂದು ರಸ್ತೆಗಿಳಿದು ಜೀಪಿನ ಮೂತಿಗೆ ಹಣೆ ಕೊಟ್ಟು ಹಿಂದಕ್ಕೆ ತಳ್ಳಿತು. ಹಿಂದೆ ನಿಂತಿದ್ದ ಹೆಂಗಸರೆಲ್ಲ ಹಾರಿ ಕಾಫಿಗಿಡಗಳೊಳಗೆ ಓಡಿದರು. ಗಂಗಾಮಣಿ ಮಾತ್ರ ಕೂತೇ ಇದ್ದಳು. ರಿವರ್ಸ್ ಹಾಕಲಿಲ್ಲ, ಇಳಿಯಲೂ ಇಲ್ಲ. ಆನೆಗೆ ಬೇಜಾರಾಗಿ ಹೊರಟುಹೋಯಿತು. ಯಾರಿಗೂ ಏನೂ ಆಗಲಿಲ್ಲ.

ಏನೂ ಆಗಲಿಲ್ಲ ಎಂದು ಊರೆಲ್ಲ ಹೇಳಿತು. ಆದರೆ ಮಾರನೆಯ ದಿನದಿಂದ ಕೀಲಿ ತಿರುಗಿಸಿದ ಕೂಡಲೇ ಅವಳ ಎದೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಅಂಗೈ ಬೆವರುತ್ತಿತ್ತು, ಕಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು, ಇದೇ ಸಾವು ಎನಿಸುತ್ತಿತ್ತು. ಹಾಸನದ ಡಾಕ್ಟರು ಅದಕ್ಕೆ ಹೆಸರಿಟ್ಟು ಮಾತ್ರೆ ಕೊಟ್ಟರು. ಮಾತ್ರೆಯಿಂದ ನಿದ್ದೆ ಮರಳಿತು, ರಸ್ತೆ ಮರಳಲಿಲ್ಲ.

ಬಟ್ಟೆ ಹೊಲಿಯುವ ಸ್ನೇಹಾಳಿಗೆ ಇದೆಲ್ಲ ತಿಳಿದದ್ದು ಅಳತೆಗೆ ಟೇಪು ಹಿಡಿದಾಗ. ಯಸಳೂರು ಬಸ್ ಸ್ಟ್ಯಾಂಡಿನ ಎದುರು, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಅವಳ ಕೋಣೆ. ಉಡುಪು ವಿನ್ಯಾಸ ಓದಿ, ಹಾಸನದ ಗಾರ್ಮೆಂಟ್ಸ್‌ನಲ್ಲಿ ಬೇರೆ ದೇಶದ ಹೆಂಗಸರಿಗೆ ಅಂಗಿ ಮಾಡಿ ಮಾಡಿ ಸಾಕಾಗಿ ಬಂದವಳು. ಅವಳ ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲೇ ತಂತಿ ಬೆಸೆಯುವ ಕಾವುಗೋಲು ಇರುತ್ತಿತ್ತು. ಬಟ್ಟೆ ಮೈ ಮುಚ್ಚುವುದಷ್ಟೇ ಅಲ್ಲ, ಮೈಯ ಮಾತು ಕೇಳಿಸಿಕೊಳ್ಳಬೇಕು ಎಂಬುದು ಅವಳ ಹುಚ್ಚು. ಗಿರಾಕಿಗಳಿಗೆ ಅದನ್ನು ಹೇಳುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ಫಾಲ್ಸು, ಅಂಚು, ತೋಳಿನ ಬುಗ್ಗೆ.

ಗಂಗಾಮಣಿ ರವಿಕೆ ಹೊಲಿಸಲು ಬಂದಿದ್ದಳು. ಸ್ನೇಹಾ ಅವಳ ಎದೆಯ ಸುತ್ತ ಟೇಪು ಹಾಕಿ ಕಾದಳು. ಉಸಿರು ಬಿಟ್ಟಾಗಲೇ ಸರಿಯಾದ ಅಳತೆ. ಟೇಪು ಅಲುಗಲಿಲ್ಲ.

"ಉಸಿರು ಬುಡಕ್ಕ."

"ಬುಟ್ಟೇ ಇವ್ನಿ ಕಣೇ."

"ಇಲ್ಲ ಗಂಗಕ್ಕ. ಹಿಡ್ಕಂಡಿದ್ದೀಯ."

ಕೆಳಗೆ ರಸ್ತೆಯಲ್ಲಿ ಯಾವುದೋ ಜೀಪು ಸ್ಟಾರ್ಟ್ ಆಗಿತ್ತು, ಅಷ್ಟೇ. ಗಂಗಾಮಣಿ ಸ್ಟೂಲಿನ ಮೇಲೆ ಕೂತು ಮುಖ ಒರೆಸಿಕೊಂಡಳು.

"ಡಾಕ್ಟ್ರೂ ಅದ್ನೇ ಅಂದ್ರು. ಹೆದ್ರಿಕೆ ಬಂದಾಗ ಉಸಿರನ್ನ ಗಮನಿಸಿ, ನಿಧಾನ ಬುಡಿ ಅಂತ. ಉಸಿರು ಎಲ್ಲೈತೆ ಅಂತ ಗೊತ್ತಾದ್ರೆ ತಾನೆ ನಿಧಾನ ಮಾಡೋದು? ಹೆದ್ರಿಕೆ ಬಂದಾಗ ನಾನೇ ಇರಕಿಲ್ಲ, ಇನ್ನು ಗಮನಿಸೋರು ಯಾರು?"

ಗಮನಿಸುವವರು ಯಾರು? ಸ್ನೇಹಾಳ ತಲೆಯಲ್ಲಿ ಆ ಪ್ರಶ್ನೆ ಸೂಜಿಯಂತೆ ಕೂತಿತು. ಬಟ್ಟೆ ಗಮನಿಸಬಹುದಲ್ಲ?

ಅವಳು ಹೊಲಿದದ್ದು ತೋಳಿಲ್ಲದ ಒಂದು ಒಳಅಂಗಿ. ಪಕ್ಕೆಲುಬಿನ ಕೆಳಗೆ ಒಂದು ಪಟ್ಟಿ, ಅದರೊಳಗೆ ವಿದ್ಯುತ್ ಹರಿಯುವ ಎಳೆ. ಉಸಿರಿಗೆ ಎದೆ ಹಿಗ್ಗಿದರೆ ಎಳೆ ಹಿಗ್ಗುತ್ತದೆ, ಕುಗ್ಗಿದರೆ ಕುಗ್ಗುತ್ತದೆ. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಯಂತ್ರವೊಂದು ಅದನ್ನು ಗೆರೆಯಾಗಿ ಫೋನಿಗೆ ಕಳಿಸುತ್ತದೆ. ಮೊದಲು ಅದು ರಸ್ತೆಯ ಹೊಂಡಗಳನ್ನೂ ಹೆದರಿಕೆ ಎಂದೇ ಓದಿತು. ಹೆತ್ತೂರಿನ ರಸ್ತೆಯನ್ನು ನೋಡಿದರೆ ಅದು ಪೂರ್ತಿ ತಪ್ಪೂ ಅಲ್ಲ. ಸ್ನೇಹಾ ಹೆಗಲ ಮೇಲೆ ಇನ್ನೊಂದು ಎಳೆ ಹಾಕಿದಳು. ಎರಡೂ ಕುಲುಕಿದರೆ ರಸ್ತೆ. ಪಕ್ಕೆಯದೊಂದೇ ಕುಲುಕಿದರೆ ಮನುಷ್ಯ. ಉಸಿರು ಗಿಡ್ಡವಾಗಿ ಅವಸರಕ್ಕೆ ಬಿದ್ದ ಕೂಡಲೇ ಕತ್ತಿನ ಹಿಂದೆ ಪುಟ್ಟ ಮೋಟಾರೊಂದು ಗುರ್ ಎಂದು ನಡುಗಿ ನೆನಪಿಸಬೇಕು: ಉಸಿರು ಬಿಡು.

ಎಸ್ಟೇಟಿನ ಕೆಲಸಕ್ಕೆ ಹೋಗುವ ಹೆಂಗಸರಲ್ಲಿ ಹಿರಿಯಳಾದ ಚೌಡಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದೇನವ್ವ, ಕರೆಂಟ್ ರವಿಕೆ!" ಅಂದಳು. ಸ್ನೇಹಾ ತಿಂಗಳುಗಟ್ಟಲೆ ಯೋಚಿಸಿ ಇಟ್ಟಿದ್ದ ಹೆಸರು ಅಲ್ಲಿಗೆ ಸತ್ತಿತು.

ಮೊದಲ ಪರೀಕ್ಷೆ ಸಂತೆಯ ದಿನ. ಬರೀ ಸೇತುವೆಯವರೆಗೆ, ಜೀಪು ಖಾಲಿ, ಪಕ್ಕದಲ್ಲಿ ಸ್ನೇಹಾ ಎಂದು ಮಾತಾಗಿತ್ತು. ಕೀಲಿ ತಿರುಗಿತು, ಉಸಿರು ಹೇಗೋ ಹತೋಟಿಯಲ್ಲಿತ್ತು, ಜೀಪು ಹೊರಟಿತು. ಅಷ್ಟರಲ್ಲಿ ಸಂತೆ ಮುಗಿಸಿ ಬರುತ್ತಿದ್ದ ಚೌಡಮ್ಮನ ಗುಂಪು ಕೈ ಅಡ್ಡ ಹಾಕಿ, ಹೂಂ ಉಹೂಂ ಕೇಳದೆ ಹತ್ತಿಬಿಟ್ಟಿತು.

"ಓಡ್ಸು ಮಾರಾಯ್ತಿ. ನಡ್ದೂ ನಡ್ದೂ ಕಾಲು ಹೋಗ್ಬುಟ್ಟವೆ. ಗಂಗಕ್ಕನ ಜೀಪು ಹತ್ತಿ ಎಷ್ಟು ದಿನ ಆಯ್ತು!"

ಗಂಗಾಮಣಿ ನಕ್ಕಳು. ನಕ್ಕ ಹುಮ್ಮಸ್ಸಿನಲ್ಲೇ ಸೇತುವೆ ದಾಟಿದಳು. ಹಲಸಿನ ಮರದ ತಿರುವು ಕಂಡಿತು. ಸ್ನೇಹಾಳ ಫೋನಿನ ಗೆರೆ ಗರಗಸದ ಹಲ್ಲಾಯಿತು. ಅಂಗಿ ತನ್ನ ಕೆಲಸ ಮಾಡಿತು: ಕತ್ತಿನ ಹಿಂದೆ ಗುರ್ ಎಂದಿತು.

"ಆನೆ!" ಗಂಗಾಮಣಿ ಕಿರುಚಿ ಬ್ರೇಕ್ ತುಳಿದಳು.

ಮುಂದಿನದು ಬಹಳ ಬೇಗ ನಡೆಯಿತು. ಹಿಂದೆ ಇದ್ದವರೆಲ್ಲ ಹಾರಿದರು. ಒಬ್ಬಳು ಸಿಲ್ವರ್ ಓಕ್ ಮರ ತಬ್ಬಿಕೊಂಡಳು. ಚೌಡಮ್ಮ ಚರಂಡಿಗೆ ಬಿದ್ದು ಸಂತೆಯ ಚೀಲವನ್ನು ತಲೆಯ ಮೇಲೆ ಇಟ್ಟುಕೊಂಡಳು. ಈರುಳ್ಳಿಗಳು ಇಳಿಜಾರಿನಲ್ಲಿ ಆನೆಯನ್ನು ಹುಡುಕಿಕೊಂಡು ಉರುಳಿದವು. ಆನೆ ಇರಲಿಲ್ಲ.

ಸ್ನೇಹಾಗೆ ಆಗ ಹೊಳೆಯಿತು. ಇಡೀ ಸೀಮೆಯಲ್ಲಿ ಯಾರೂ ತೋಟದೊಳಗೆ ಫೋನಿನ ಗಂಟೆ ಬಾರಿಸಲು ಬಿಡುವುದಿಲ್ಲ. ಹಾಡು ಕೇಳಿದರೆ ಆನೆ ತಿರುಗಿ ಬರುತ್ತದೆ. ಎಲ್ಲರ ಫೋನೂ ನಡುಗುವುದಷ್ಟೇ. ಎಲ್ಲಿ ಆನೆ ಇದೆ ಎಂದು ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೂ ಹಾಕಿದರೆ ಸೊಂಟದಲ್ಲಿ, ಕುಪ್ಪಸದೊಳಗೆ, ಎಲ್ಲರ ಮೈಮೇಲೂ ಒಟ್ಟಿಗೇ ಗುರ್ ಎನ್ನುತ್ತದೆ. ಇಲ್ಲಿ ಮೈಮೇಲೆ ಗುರ್ ಎಂದರೆ ಒಂದೇ ಅರ್ಥ. ಹೆದರಿಕೆ ಕಳೆಯಲೆಂದು ಅವಳು ಹೆದರಿಕೆಯನ್ನೇ ಕತ್ತಿಗೆ ಹೊಲಿದುಕೊಟ್ಟಿದ್ದಳು. ಈ ಊರಿನಲ್ಲೇ ಹುಟ್ಟಿದವಳು, ಆದರೂ ಮೊದಲೇ ಹೊಳೆದಿರಲಿಲ್ಲ. ಅವಳ ಫೋನೂ ಅದೇ ಕ್ಷಣ ಜೇಬಿನಲ್ಲಿ ನಡುಗಿತು, ಅವಳೂ ಬೆಚ್ಚಿದಳು. ಯಾವುದೋ ಜಾಹೀರಾತು.

ಹಿಂದಿನಿಂದ ಬಂದ ಧರ್ಮ ತನ್ನ ಜೀಪು ನಿಲ್ಲಿಸಿ, ಮೊದಲು ಈರುಳ್ಳಿ ಆರಿಸಿಕೊಟ್ಟ. ಆಮೇಲೆ ಮೀಸೆ ತಿರುವಿದ.

"ಆನೆ ಬಂದ್ರೆ ಜನ ಓಡೋದು ನೋಡಿವ್ನಿ. ಆನೆ ಇಲ್ದೇನೆ ಓಡ್ಸಿದೋಳು ನೀನೊಬ್ಳೇ ಕಣಕ್ಕ. ಫಾರೆಸ್ಟ್‌ನೋರು ಆನೆ ಓಡ್ಸೋ ಕೆಲ್ಸ ಕೊಡ್ತಾರೆ, ಹೋಗು."

"ಕೊಡ್ತಾರೆ ಕಣೋ. ನಿನ್ನನ್ನ ಪಟಾಕಿ ಹೊರೋಕೆ ಇಟ್ಕಂತೀನಿ," ಅಂದಳು ಗಂಗಾಮಣಿ. ಆದರೆ ಅವಳ ಜೀಪನ್ನು ಮನೆಗೆ ಓಡಿಸಿಕೊಂಡು ಹೋದದ್ದು ಧರ್ಮ, ತನ್ನದನ್ನು ರಸ್ತೆಬದಿಯಲ್ಲಿ ಬಿಟ್ಟು. ಅವಳು ತನ್ನ ಜೀಪಿನ ಹಿಂದೆಯೇ, ಆಳುಗಳ ಜಾಗದಲ್ಲಿ, ಕೂತು ಬಂದಳು.

ಮಾರನೆಯ ದಿನ ಸ್ನೇಹಾ ಮೋಟಾರು ಕಿತ್ತು ಬಿಸಾಡಿ, ಬರೀ ಗೆರೆ ತೋರಿಸುವ ಅಂಗಿಯನ್ನು ಹಿಡಿದು ಗಂಗಾಮಣಿಯ ಮನೆಗೆ ಹೋದಳು. ಕಾಲಿಗೆ ಬೀಳಲೂ ತಯಾರಾಗಿದ್ದಳು.

"ನಿಂತ ಜೀಪಲ್ಲಿ ಸುಮ್ನೆ ಕೂತ್ಕೋ, ಗಂಗಕ್ಕ. ಸ್ಟಾರ್ಟ್ ಮಾಡ್ಬೇಡ. ನಿನ್ನ ಮೈಗೆ ಯಾವುದ್ರಿಂದ ಸಮಾಧಾನ ಆಗುತ್ತೆ ಅಂತ ನೋಡ್ಬೇಕು."

"ನನ್ ಗಂಡ ಬಾಯಿ ಮುಚ್ಚಿದ್ರೆ ಸಮಾಧಾನ."

"ಅದನ್ನ ಹೊಲಿಯಕ್ಕೆ ಬರಲ್ಲ."

ಅಂಗಳದಲ್ಲಿ ನಿಂತ ಜೀಪಿನಲ್ಲಿ ಇಬ್ಬರೂ ಕೂತರು. ಸ್ಟಿಯರಿಂಗ್ ಮುಟ್ಟಿದ್ದಕ್ಕೇ ಗೆರೆ ಗಿಡ್ಡವಾಯಿತು. ಸ್ನೇಹಾ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟಳು, ಹೆಗಲಿಗೆ ಕಂಬಳಿ ಹೊದಿಸಿದಳು, ಅಂಗೈಗೆ ಬೆಣಚುಕಲ್ಲು ಕೊಟ್ಟಳು. ಗೆರೆ ಕೇಳಲಿಲ್ಲ. ಅಷ್ಟರಲ್ಲಿ ಚೌಡಮ್ಮ ಜೀಪಿನ ಹಿಂದೆ ಮರೆತುಹೋಗಿದ್ದ ಟಿಫನ್ ಡಬ್ಬಿ ಹುಡುಕಲು ಬಂದಳು. ಹತ್ತಿ, ಹುಡುಕಿ, ಸಿಕ್ಕಿದ ಖುಷಿಗೆ, ಅಭ್ಯಾಸಬಲದಿಂದ ಜೀಪಿನ ತಗಡಿಗೆ ಎರಡು ಸಲ ಬಡಿದಳು. ಡಬ್, ಡಬ್.

ಗೆರೆ ಉದ್ದವಾಯಿತು.

ಗುಡ್ಡ ಇಳಿದು ಗದ್ದೆಗೆ ಸೇರುವ ಹಾಗೆ, ಒಂದೇ ಒಂದು ಉಸಿರು, ನೀಳವಾಗಿ. ಗಂಗಾಮಣಿಯ ಹೆಗಲು ಇಳಿಯಿತು. ಎಡಗಾಲು ತಾನಾಗಿ ಕ್ಲಚ್ಚಿನ ಮೇಲೆ ಹೋಗಿ ಕೂತಿತು.

"ಚೌಡಕ್ಕ, ಇನ್ನೊಂದ್ಸಲ ತಟ್ಟು!" ಎಂದು ಸ್ನೇಹಾ ಕೂಗಿದಳು.

"ಯಾಕವ್ವ?"

"ತಟ್ಟು ಅಂದ್ರೆ ತಟ್ಟು!"

ಡಬ್, ಡಬ್. ಗೆರೆ ಮತ್ತೆ ಉದ್ದವಾಯಿತು. ಸ್ನೇಹಾ ಬಾಗಿಲು ತೆರೆದು ಹಾರಿ, ಅಂಗಳದಲ್ಲಿ ಒಂದು ಸುತ್ತು ಓಡಿ ಬಂದಳು. ಚೌಡಮ್ಮ ಡಬ್ಬಿಯನ್ನು ಎದೆಗೆ ಅವಚಿಕೊಂಡು, "ಜೀಪಿಗೆ ಹಿಡಿದಿದ್ದ ದೆವ್ವ ಈಗ ಇವಳಿಗೆ ಹಿಡ್ಕಂತು," ಎಂದು ದೂರ ಸರಿದಳು.

ಗಂಗಾಮಣಿ ನಗಲಿಲ್ಲ. ಮುಂದಿನ ಗಾಜನ್ನೇ ನೋಡುತ್ತಿದ್ದಳು.

"ಹಿಂದಿರೋರು ತಟ್ಟಿದ್ರು ಅಂದ್ರೆ ಎಲ್ರೂ ಹತ್ತವ್ರೆ ಅಂತ, ಸ್ನೇಹಾ. ಯಾರೂ ಕೆಳಗಿಲ್ಲ, ಹೊರಡು ಅಂತ. ಅವತ್ತು ಯಾರೂ ತಟ್ಲಿಲ್ಲ. ಎಲ್ರೂ ಹಾರ್‌ಬುಟ್ರು. ರಿವರ್ಸ್ ಹಾಕಾಣ ಅಂದ್ರೆ ಹಿಂದ್ಗಡೆ ಯಾರು ಬಿದ್ದವ್ರೋ, ಚಕ್ರದ ಕೆಳಗೆ ಯಾರವ್ರೋ. ಮುಂದೆ ಆನೆ. ನಾನು ಆನೆಗೆ ಹೆದ್ರಿದ್ದಲ್ಲ ಕಣೇ." ಸ್ಟಿಯರಿಂಗಿನ ಮೇಲೆ ಕೈ ಸವರಿ, "ಈಗ ಹೇಳೋವರ್ಗೂ ನಂಗೇ ಗೊತ್ತಿರ್ಲಿಲ್ಲ," ಅಂದಳು.

ಆಮೇಲಿನ ವಾರಗಳಲ್ಲಿ ಸ್ನೇಹಾ ಊಟ, ಅಂಚು, ಫಾಲ್ಸು ಎಲ್ಲ ಮರೆತಳು. ನಡುಗುವುದು ಬೇಡ, ತಟ್ಟಬೇಕು. ತಟ್ಟುವುದೆಂದರೆ ಮನುಷ್ಯರ ಕೈ. ತಂತಿ ಸುತ್ತಿದ ಪುಟ್ಟ ಸುರುಳಿಯೊಂದು ಕಬ್ಬಿಣದ ಮೊಳೆಯನ್ನು ಎಳೆದು ಬಿಡುವಂತೆ ಮಾಡಿ, ಎರಡು ಹೆಗಲುಗಳ ನಡುವೆ ಹೊಲಿದಳು. ಮೊದಲನೆಯದನ್ನು ಹಾಕಿಕೊಂಡ ಗಂಗಾಮಣಿ, "ಬೆನ್ನಿಗೆ ಮರಕುಟಿಗ ಕೂತಂಗೈತೆ," ಅಂದಳು. ಮೊಳೆಗೆ ಕಂಬಳಿಯ ಚೂರು ಸುತ್ತಿದಳು. ಈಗ ಬೆಕ್ಕು ಒದ್ದಂತಾಯಿತು. ಒಂದರ ಮೇಲೊಂದು ಪದರ ಏರಿಸಿ, ವೇಗ ಇಳಿಸಿ, ಕೊನೆಗೆ ಒಂದು ಅಂಗೈಯಗಲದ ಮೆತ್ತೆಯಾಯಿತು. ಉಸಿರು ಗಿಡ್ಡವಾದಾಗ ಅದು ಎರಡು ಸಲ ತಟ್ಟುತ್ತದೆ, ಆಮೇಲೆ ಸುಮ್ಮನಿದ್ದು ಕಾಯುತ್ತದೆ. ಉಸಿರು ಪೂರ್ತಿ ಹೊರಗೆ ಹೋಗುವ ತನಕ ಮತ್ತೆ ತಟ್ಟುವುದಿಲ್ಲ. ಕಾಯುವುದೇ ಅದರ ನಿಜವಾದ ಕೆಲಸ ಎಂದು ಸ್ನೇಹಾಗೆ ತಿಳಿಯಲು ಹಲವು ಅಂಗಿಗಳು ಹಾಳಾಗಬೇಕಾಯಿತು.

ಗಂಗಾಮಣಿ ಮೊದಲು ಅಂಗಳದಲ್ಲಿ, ಆಮೇಲೆ ಸೇತುವೆಯವರೆಗೆ, ಆಮೇಲೆ ತಿರುವಿನವರೆಗೆ ಓಡಿಸಿದಳು. ಕೆಲವು ದಿನ ತಟ್ಟಿದರೂ ಆಗುತ್ತಿರಲಿಲ್ಲ. ಇಳಿದು, ರಸ್ತೆಬದಿ ಕೂತು, ಅಂಗಿಯನ್ನೂ ಸ್ನೇಹಾಳನ್ನೂ ಬೈದು, ಮತ್ತೆ ಹತ್ತುತ್ತಿದ್ದಳು. ಹಲಸಿನ ಮರ ದಾಟಿದ ದಿನ ಇಬ್ಬರೂ ಯಸಳೂರಿಗೆ ವಾಪಸು ಬಂದು, ಹೋಟೆಲಿನಲ್ಲಿ ಖಾಲಿ ದೋಸೆ ತಿಂದರು.

ಕುಯ್ಲಿನ ಮೊದಲ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಹಳೆಯ ಶರಟು, ತಲೆಗೆ ಟವೆಲು, ಸೊಂಟಕ್ಕೆ ಗೋಣಿತಾಟು ಕಟ್ಟಿದ ಹೆಂಗಸರು ಗಂಗಾಮಣಿಯ ಜೀಪಿನ ಮುಂದೆ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಧರ್ಮನ ಜೀಪು ಪಕ್ಕದಲ್ಲೇ ಇತ್ತು, ಯಾಕೆಂದರೆ ಚಂದ್ರಯ್ಯ ಅವನಿಗೂ ಬರಲು ಹೇಳಿದ್ದ. ಇವಳು ಅರ್ಧ ದಾರಿಯಲ್ಲಿ ನಿಂತರೆ ಆಳುಗಳು ಅವನ ಜೀಪಿಗೆ. ಅವತ್ತಿಂದ ಟ್ರಿಪ್ಪೂ ಅವನದೇ.

"ಹತ್ತೀರೋ, ಇಲ್ಲಾ ಮುಹೂರ್ತ ನೋಡ್ಬೇಕೋ?" ಅಂದಳು ಗಂಗಾಮಣಿ.

ಚೌಡಮ್ಮ ಮೊದಲು ಹತ್ತಿದಳು. ಉಳಿದವರು ಹಿಂಬಾಲಿಸಿದರು. ಸ್ನೇಹಾ ಮುಂದೆ ಕೂತಳು.

"ಒಂದು ಮಾತು," ಎಂದು ಗಂಗಾಮಣಿ ಕಿಟಕಿಯಿಂದ ತಲೆ ಹೊರಹಾಕಿದಳು. "ಏನೇ ಬರ್ಲಿ, ಆನೆನೇ ಬರ್ಲಿ, ಅದರಪ್ಪನೇ ಬರ್ಲಿ, ಯಾರೂ ಇಳೀಬಾರ್ದು. ನೀವು ಜೀಪಲ್ಲಿದ್ರೆ ನಾನು ಎಲ್ಲಿಗ್ ಬೇಕಾರೂ ಓಡಿಸ್ತೀನಿ. ಇಳಿದ್ರೆ ನಂಗಾಗಲ್ಲ. ಇಷ್ಟೇಯ."

ಅವಳು ಇಂಥದ್ದನ್ನು ಹಿಂದೆ ಯಾವತ್ತೂ ಅವರಿಗೆ ಹೇಳಿರಲಿಲ್ಲ.

ಸೇತುವೆ ದಾಟಿತು. ಹಲಸಿನ ಮರ ದಾಟಿತು. ಅಂಗಿ ತಟ್ಟಿತು, ಸುಮ್ಮನಿದ್ದು ಕಾಯಿತು, ಗೆರೆ ಉದ್ದವಾಯಿತು. ಹಿಂದೆ ಯಾರೋ ಬೀಡಿ ಹಚ್ಚಿದ ವಾಸನೆ ಬಂತು. ಎಸ್ಟೇಟಿನ ಏರು ಹತ್ತುವ ಇಕ್ಕಟ್ಟಿನ ಜಾಗದಲ್ಲಿ, ಒಂದು ಕಡೆ ಕಡಿದ ಮಣ್ಣಿನ ದರೆ, ಇನ್ನೊಂದು ಕಡೆ ಕೆಳಗೆ ಗದ್ದೆ, ಎಲ್ಲರ ಮೈಮೇಲೂ ಒಟ್ಟಿಗೇ ಗುರ್ ಎಂದಿತು.

ಗ್ರೂಪಿನ ಸಂದೇಶ ತಡವಾಗಿತ್ತು. ಮಂಜಿನೊಳಗಿಂದ ಅವು ಆಗಲೇ ಇಳಿಯುತ್ತಿದ್ದವು. ಮೊದಲು ಒಂದು ಹೆಣ್ಣಾನೆ, ಅದರ ಹೊಟ್ಟೆಯಡಿಯಲ್ಲಿ ಮರಿ, ಹಿಂದೆ ಇನ್ನಷ್ಟು ಬೂದು ಗೋಡೆಗಳು. ತಾಯಿ ನಿಂತಿತು. ಕಿವಿ ಅಗಲಿಸಿತು.

ಗೆರೆ ಗರಗಸವಾಯಿತು. ಗಂಗಾಮಣಿಯ ತುಟಿ ಬಿಳಿಚಿತು. ತಾನು ಹೊಲಿದದ್ದರ ಮೇಲೆ ಸ್ನೇಹಾಗೆ ಆ ಗಳಿಗೆಯಲ್ಲಿ ಎಳ್ಳಷ್ಟೂ ನಂಬಿಕೆ ಉಳಿಯಲಿಲ್ಲ.

ಅಂಗಿ ತಟ್ಟಿತು. ಕಾಯಿತು.

ಗಂಗಾಮಣಿ ಉಸಿರು ಬಿಟ್ಟಳು. ಗಾಜು ಮಬ್ಬಾಯಿತು. ಅವಳು ಕನ್ನಡಿಯಲ್ಲಿ ನೋಡಿದಳು: ಹಿಂದೆ ಎಲ್ಲರೂ ಇದ್ದರು, ಒಬ್ಬರನ್ನೊಬ್ಬರು ಹಿಡಿದುಕೊಂಡು, ಚೌಡಮ್ಮ ಒಬ್ಬ ಹುಡುಗಿಯ ಬಾಯಿಗೆ ಸೆರಗು ತುರುಕಿ ಹಿಡಿದಿದ್ದಳು. ಯಾರೂ ಇಳಿದಿರಲಿಲ್ಲ. ರಿವರ್ಸ್ ಗೇರು ಬಿತ್ತು.

ಆದರೆ ಹಿಂದೆ ಧರ್ಮನ ಜೀಪು ನಿಂತಿತ್ತು. ಅದು ಹಿಂದೆ ಹೋಗದೆ ಇವರು ಹೋಗುವಂತಿಲ್ಲ. ಅದು ಕೆಮ್ಮಿ ಆಫ್ ಆಯಿತು. ಮತ್ತೆ ಸ್ಟಾರ್ಟ್ ಆಗಿ ಮತ್ತೆ ಆಫ್ ಆಯಿತು.

"ಫೋನ್ ಹಚ್ಚು ಅವ್ನಿಗೆ," ಅಂದಳು ಗಂಗಾಮಣಿ, ಆನೆಯ ಮೇಲಿನ ಕಣ್ಣು ಕೀಳದೆ. ಸ್ನೇಹಾ ಅವಳ ಕಿವಿಗೆ ಫೋನ್ ಹಿಡಿದಳು.

"ಧರ್ಮ."

"ಅಕ್ಕಾ, ಕಾಲು ನಡುಗ್ತೈತೆ. ಕ್ಲಚ್ಚು ನಿಲ್ತಿಲ್ಲ ಕಣಕ್ಕ."

"ಗೊತ್ತು. ಉಸಿರು ಬುಡು."

"ಆಂ?"

"ಉಸಿರು ಬುಡೋ, ದಡ್ಡ. ಪೂರ್ತಿ. ಕೇಳಿಸ್ಬೇಕು ನಂಗೆ." ಫೋನಿನಲ್ಲಿ ಉದ್ದದ ಒಂದು ಉಸಿರು ಸಿಳ್ಳಿನಂತೆ ಕೇಳಿಸಿತು. "ಇನ್ನೊಂದು. ಹಾಂ. ಈಗ ಕ್ಲಚ್ಚು. ನಿನ್ ಹಿಂದೆ ಯಾರೂ ಇಲ್ಲ, ನಾನು ಕನ್ನಡೀಲಿ ನೋಡ್ತಾ ಇವ್ನಿ. ಮೆಲ್ಲಗೆ ಹಿಂದಕ್ಕೆ ಹೋಗು. ನಾನು ನಿನ್ನ ಮೂತಿಗೆ ಅಂಟ್ಕಂಡೇ ಬತ್ತೀನಿ."

ಧರ್ಮನ ಜೀಪು ಹಿಂದಕ್ಕೆ ಜಾರಿತು. ಗಂಗಾಮಣಿಯದು ಅದನ್ನೇ ಹಿಂಬಾಲಿಸಿತು. ದರೆಯ ಬೇರುಗಳು ಕನ್ನಡಿಗೆ ಸವರಿದವು, ಗದ್ದೆಯ ಕಡೆಯ ಚಕ್ರದಡಿಯಲ್ಲಿ ಮಣ್ಣು ಉದುರಿತು. ಹಿಂದಿನಿಂದ ಚೌಡಮ್ಮ ಪಿಸುಮಾತಿನಲ್ಲಿ ದಾರಿ ಹೇಳಿದಳು, ಅದು ಬಾಯಿಂದ ಬಾಯಿಗೆ ದಾಟಿ ಮುಂದೆ ಬಂತು: ಬಲಕ್ಕೆ, ಇನ್ನೂ ಬಲಕ್ಕೆ, ನೆಟ್ಟಗೆ. ತಾಯಾನೆ ಎರಡು ಹೆಜ್ಜೆ ಹಿಂಬಾಲಿಸಿತು. ಜಾಗ ಬಿಟ್ಟುಕೊಡುತ್ತಿದ್ದಾರೆ ಎಂದು ಅದಕ್ಕೆ ಅರ್ಥವಾಗಿರಬೇಕು. ಕಿವಿ ಮಡಚಿ, ಮರಿಯನ್ನು ಕಾಲಲ್ಲೇ ನೂಕುತ್ತಾ ಗದ್ದೆಗೆ ಇಳಿಯಿತು. ಉಳಿದವೂ ಇಳಿದವು. ಮಂಜು ಮುಚ್ಚಿಕೊಂಡಿತು.

ಆಗ ಚೌಡಮ್ಮ ಹುಡುಗಿಯ ಬಾಯಿಂದ ಸೆರಗು ಕಿತ್ತಳು, ಮತ್ತು ಇಡೀ ಜೀಪು ಒಟ್ಟಿಗೇ ಮಾತಾಡತೊಡಗಿತು.

ಎಸ್ಟೇಟಿನ ಕಣದಲ್ಲಿ ಚಂದ್ರಯ್ಯ ಗಡಿಯಾರ ನೋಡುತ್ತಾ ನಿಂತಿದ್ದ. "ಲೇಟಾಯ್ತಲ್ಲ, ಗಂಗಾಮಣಿ."

"ಆನೆಯೋರು ಮೊದಲು ದಾಟ್ಬೇಕಿತ್ತು, ರೈಟ್ರೇ. ಹೆಂಗಸು ಮಕ್ಕಳು ಇದ್ರು."

ಚಂದ್ರಯ್ಯ ಧರ್ಮನ ಕಡೆ ತಿರುಗಿದ. ಏನು ನಡೆಯಿತು ಎಂದು ಧರ್ಮ ಹೇಳಿಬಿಟ್ಟ, ತನ್ನ ಕಾಲು ನಡುಗಿದ್ದನ್ನೂ ಸೇರಿಸಿ. ಹೆಂಗಸರು ಅದಕ್ಕೆ ಉಪ್ಪು ಹುಳಿ ಹಚ್ಚಿ ಮತ್ತೊಮ್ಮೆ ಹೇಳಿದರು. ಚಂದ್ರಯ್ಯ ಎಲೆಗೆ ಸುಣ್ಣ ಸವರುವುದನ್ನು ಮರೆತ.

"ಇನ್ನೊಂದು ಗುಂಪು ಸೇತುವೆ ಹತ್ರ ಕಾಯ್ತಾ ಐತೆ. ಯಾರು ಹೋಗ್ತೀರಾ?"

"ಅದು ಗಂಗಕ್ಕನ ಟ್ರಿಪ್ಪು," ಅಂದ ಧರ್ಮ. ಆಮೇಲೆ ಸ್ನೇಹಾಳ ಹತ್ತಿರ ಬಂದು ದನಿ ತಗ್ಗಿಸಿದ. "ಗಂಡಸರಿಗೂ ಹೊಲೀತೀಯೇನವ್ವ ಅದ್ನ?"

"ನಂಗೆ ಮೊದ್ಲು!" ಎಂದು ಚೌಡಮ್ಮ ಕಣದ ಆಚೆಯಿಂದ ಕೂಗಿದಳು. "ನನ್ ಸೊಸೆ ಬಾಯಿ ತೆಗೆದಾಗ ತಟ್ಟಂಗಿರ್ಬೇಕು!"

"ಯಾರಿಗೆ ತಟ್ಬೇಕು, ನಿಂಗೋ ಅವ್ಳಿಗೋ?" ಅಂದಳು ಸ್ನೇಹಾ.

ನಗೆಯ ಗದ್ದಲದ ನಡುವೆ ಗಂಗಾಮಣಿ ಜೀಪು ತಿರುಗಿಸಿದಳು. ಸ್ನೇಹಾ ಬಾಗಿಲ ಹಿಡಿಗೆ ಕೈ ಹಾಕಿದಾಗ ಬೇಡವೆಂದು ತಲೆಯಾಡಿಸಿದಳು. "ನೀನಿಲ್ಲೇ ಇರು, ಮಗ. ಕಾಫಿ ಕುಡಿ. ಒಬ್ಳೇ ಹೋಗಿ ಬತ್ತೀನಿ."

ಜೀಪು ಗೇಟು ದಾಟುತ್ತಲೇ ಫೋನಿನ ಗೆರೆ ನಿಂತುಹೋಯಿತು. ಅಷ್ಟು ದೂರಕ್ಕೆ ಅಂಗಿ ಮಾತಾಡಲಾರದು. ಸ್ನೇಹಾ ಫೋನನ್ನು ಜೇಬಿಗೆ ಹಾಕಿ, ಕಣದ ಅಂಚಿಗೆ ಹೋಗಿ ನಿಂತಳು. ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ಇಕ್ಕಟ್ಟಿನ ಜಾಗದಲ್ಲಿ ಎರಡನೇ ಗೇರಿನ ಗೊರಗೊರ ಕೇಳಿಸಿತು, ಬಹಳ ಹೊತ್ತು. ಆಮೇಲೆ ಒಂದು ಕ್ಷಣ ಬಿಡುವು. ಆಮೇಲೆ ಮೂರನೇ ಗೇರು, ಹಗುರವಾಗಿ, ಇಳಿಜಾರಿನುದ್ದಕ್ಕೂ.